ಗೋಡೆ ಮೂರು ಮೀಟರ್, ನೆಲ ಸೊನ್ನೆ

ಹುಡುಗಿಯರ ಹಾಸ್ಟೆಲ್, ರೂಮ್ 31
ಜುಲೈ 14, ಭಾನುವಾರ

ಅಮ್ಮ,

ಬಂದು ಸೇರಿದೆ. ಬಸ್ಸಿನಲ್ಲಿ ವಾಂತಿ ಆಗಲಿಲ್ಲ. ಮೊದಲೇ ಹೇಳಿಬಿಡ್ತೀನಿ, ಇಲ್ಲಾಂದ್ರೆ ನೀನು ಪತ್ರ ಪೂರ್ತಿ ಅದನ್ನೇ ಹುಡುಕುತ್ತಾ ಓದ್ತೀಯ.

ಇದೂ ಎಲ್ಲ ಹಾಸ್ಟೆಲಿನ ಹಾಗೇ ಇದೆ. ಕಬ್ಬಿಣದ ಮಂಚ, ಬೀಗ ಕೂರದ ಕಪಾಟು, ಬಕೆಟ್ಟಿನ ಮೇಲೆ ಪೇಂಟಿನಲ್ಲಿ ಬರೆದ ನಂಬರು. ನನ್ನ ರೂಮ್‌ಮೇಟ್ ಮೊದಲ ದಿನ ತುಂಬಾ ಅತ್ತಳು. ಬಕೆಟ್ ಎಲ್ಲಿ ಬಚ್ಚಿಡಬೇಕು, ಸ್ನಾನದ ಸಾಲಿಗೆ ಎಷ್ಟು ಹೊತ್ತಿಗೆ ನಿಲ್ಲಬೇಕು, ಎಲ್ಲ ನಾನೇ ಹೇಳಿಕೊಟ್ಟೆ. "ನಿಂಗೆ ಮನೆ ನೆನಪಾಗಲ್ವಾ?" ಅಂದಳು. "ಅಭ್ಯಾಸ ಆಗುತ್ತೆ ಬಿಡು" ಅಂದೆ, ದೊಡ್ಡ ಅಜ್ಜಿ ಥರ. ಆಮೇಲೆ ನಂಗೇ ಏನೋ ಒಂಥರಾ ಆಯ್ತು. ಆರು ವರ್ಷದವಳಿದ್ದಾಗಿಂದ ಹಾಸ್ಟೆಲಲ್ಲಿದ್ದೀನಿ. ನಾನು ಸೀನಿಯರ್ ಅಂತ ಇರೋದು ಇದೊಂದರಲ್ಲೇ.

ಮಿಕ್ಕಿದ್ದರಲ್ಲೆಲ್ಲ ಭಯ. ಆರ್ಕಿಟೆಕ್ಚರ್ ಕ್ಲಾಸಿನಲ್ಲಿ ಎಲ್ಲರೂ ಕಂಪ್ಯೂಟರಿನಲ್ಲಿ ಮನೆ ಬರೆಯೋ ಸಾಫ್ಟ್‌ವೇರ್ ಮೊದಲೇ ಕಲಿತು ಬಂದಿದ್ದಾರೆ. ನಾನು ಮೌಸ್ ಹಿಡಿದರೆ ಕೈ ಬೆವರುತ್ತೆ. ಒಂದು ಗೋಡೆ ಎಳಿ ಅಂದರೆ ನಾಲ್ಕು ಬರುತ್ತೆ, ಅಳಿಸು ಅಂದರೆ ಐದು ಹೋಗುತ್ತೆ. ಮೊದಲನೇ ಅಸೈನ್‌ಮೆಂಟ್ "ನೀವು ವಾಸವಿರುವ ಮನೆ". ನಮ್ಮ ಮನೆ ಬರೆಯೋಕೆ ಶುರು ಮಾಡಿದ್ದೀನಿ. ಗೋಡೆ ಎಳೆದಾಗ ಅದು ಎತ್ತರ ಎಷ್ಟು ಅಂತ ಕೇಳುತ್ತೆ. ನಾನು ಏನೂ ಹೇಳಲಿಲ್ಲ. ಅದೇ ಮೂರು ಮೀಟರ್ ಅಂತ ಹಾಕಿಕೊಂಡಿತು. ನೆಲಕ್ಕೂ ಅಷ್ಟೇ, ಅದೇ ಸೊನ್ನೆ ಅಂತ ಹಾಕಿಕೊಂಡಿತು. ಪಾಪ, ತುಂಬಾ ಹೊಂದಿಕೊಂಡು ಹೋಗೋ ಸ್ವಭಾವ.

ಊಟ ಪರವಾಗಿಲ್ಲ. ಮಂಡಿಗೆ ಎಣ್ಣೆ ಹಚ್ಚಿಕೋ.

ನಿನ್ನ
ಬಟ್ಲು


ಸೈಟಿನಿಂದ
ಜುಲೈ 21

ಬಟ್ಲು,

ಪತ್ರ ಬಂತು. ಮೇಸ್ತ್ರಿ ಜೇಬಲ್ಲಿಟ್ಟುಕೊಂಡು ಎರಡು ದಿನ ಮರೆತಿದ್ದ. ಬೈದೆ. "ನಿಮಗೊಂದು ಫೋನ್ ತಗೊಳ್ಳೋಕೆ ಏನಮ್ಮ ರೋಗ" ಅಂತ ನನಗೇ ತಿರುಗಿಸಿ ಬೈದ. ಎರಡು ಫೋನು ಸಿಮೆಂಟ್ ಕಲಸಿದ ನೀರಲ್ಲಿ ಮುಳುಗಿ ಸತ್ತಿವೆ, ಮೂರನೇದರ ಪಾಪ ನನಗೆ ಬೇಡ ಅಂದೆ.

ಈ ಮನೆಯಲ್ಲಿ ಹಾಲ್, ಮಲಗೋ ಕೋಣೆ ನೆಲ ಮುಗೀತು. ದೊಡ್ಡ ಟೈಲ್ಸ್, ಕನ್ನಡಿ ಹಾಗೆ. ಬಗ್ಗಿದರೆ ನನ್ನ ಮುಖ ಕಾಣುತ್ತೆ, ಅದಕ್ಕೇ ಬಗ್ಗಿದಾಗ ಕಣ್ಣು ಬೇರೆ ಕಡೆ ಇಡ್ತೀನಿ. ಈಗ ಬಚ್ಚಲ ಕೆಲಸ. ಎಂದಿನ ಹಾಗೆ ಕಾವಲಿಗೆ ಇಲ್ಲೇ ಮಲಗೋದು. ಈ ಸಲ ಮೆಟ್ಟಿಲ ಕೆಳಗಿನ ಸ್ಟೋರು. ಗಾಳಿ ಇಲ್ಲ, ಸೊಳ್ಳೆಯೂ ಇಲ್ಲ, ಅದಕ್ಕೂ ದಾರಿ ಸಿಕ್ಕಿರಲ್ಲ.

ಉದ್ದಕ್ಕ ಮಗಳ ಹೆರಿಗೆಗೆ ಅಂತ ಹೋದಳು. ಇನ್ನು ಬರೋ ಹಾಗೆ ಕಾಣಲ್ಲ. ಹನ್ನೊಂದು ವರ್ಷ ಜೊತೆಗೆ ನೆಲ ಹಾಕಿದ್ವಿ. ಹೋಗುವಾಗ ತನ್ನ ಮಂಡಿ ಪಟ್ಟಿ ನನಗೆ ಕೊಟ್ಟು ಹೋದಳು. ಅವಳ ಕಾಲು ನನ್ನದರ ಒಂದೂವರೆ ಪಟ್ಟು, ಜಾರಿ ಜಾರಿ ಬೀಳುತ್ತೆ.

ನಮ್ಮ ಮನೆ ಬರೀತಿದ್ದೀನಿ ಅಂದೆಯಲ್ಲ, ಯಾವುದು ಕಣೇ? ಇದನ್ನಂತೂ ನೀನು ನೋಡಿಲ್ಲ. ಹೋದ ಸಲದ್ದು ಹಳದಿ ಗೇಟಿಂದಾ? ಅದಕ್ಕಿಂತ ಮುಂಚಿನದಾ?

ಮತ್ತೆ, ಎಲ್ಲ ಗೋಡೆಯೂ ಮೂರು ಮೀಟರ್ ಇರೋ ಮನೆಯನ್ನ ನಾನು ಇಷ್ಟು ವರ್ಷದಲ್ಲಿ ಒಂದೂ ನೋಡಿಲ್ಲ. ಸಿಕ್ಕಿದರೆ ತೋರಿಸು.

ಅಮ್ಮ


ರೂಮ್ 31
ಆಗಸ್ಟ್ 4, ಭಾನುವಾರ

ಅಮ್ಮ,

ಇದನ್ನ ಮೂರು ಸಲ ಬರೆದು ಹರಿದಿದ್ದೀನಿ. ನಾಲ್ಕನೇದು ಹೇಗೇ ಬಂದರೂ ಪೋಸ್ಟ್ ಮಾಡ್ತೀನಿ.

ನಮ್ಮ ಸ್ಟುಡಿಯೋಗೆ ಒಬ್ಬರು ಮೇಡಂ ಇದ್ದಾರೆ. ಎಲ್ಲರೂ ಅವರನ್ನ ಸೊನ್ನೆ ಮೇಡಂ ಅಂತಾರೆ, ಯಾಕಂದ್ರೆ ಯಾರ ಡ್ರಾಯಿಂಗ್ ನೋಡಿದರೂ ಮೊದಲು ಕೇಳೋದು "ನಿನ್ನ ಸೊನ್ನೆ ಎಲ್ಲಿದೆ?" ಅಂದ್ರೆ ಎತ್ತರ ಎಲ್ಲಿಂದ ಅಳೆಯೋಕೆ ಶುರು ಮಾಡಿದ್ದೀಯ ಅಂತ. ಶುಕ್ರವಾರ ನನ್ನ ಸರದಿ. ಪ್ರೊಜೆಕ್ಟರಿಂದ ಗೋಡೆ ಮೇಲೆ ದೊಡ್ಡದಾಗಿ ನನ್ನ ಮನೆ ಬಿದ್ದಿತ್ತು. ಮೇಲಿಂದ ನೋಡೋಕೆ ಚೆನ್ನಾಗೇ ಇತ್ತು ಅಮ್ಮ. ಸೋಫಾ ಕೂಡ ಹಾಕಿದ್ದೆ.

ಮೇಡಂ ಮೌಸ್ ತಗೊಂಡು ಒಂದು ಕಡೆ ಒತ್ತಿದರು, ಅಷ್ಟೇ. "ಎತ್ತರ ತೋರಿಸು" ಅಂತ ಒಂದು ಆಪ್ಷನ್ ಇದೆ, ನಂಗೆ ಗೊತ್ತೇ ಇರಲಿಲ್ಲ. ಒತ್ತಿದ ತಕ್ಷಣ ಪ್ರತಿ ಗೋಡೆ ಪಕ್ಕ, ಪ್ರತಿ ನೆಲದ ಮಧ್ಯ ಅದರದರ ಎತ್ತರ ಬರುತ್ತೆ. ಗೋಡೆ 3000, 3000, 3000. ನೆಲ 0, 0, 0, 0. ಬಚ್ಚಲು 0. ಹೊರಗಿನ ರಸ್ತೆ ಕೂಡ 0.

"ಇದು ಯಾರ ಮನೆ?"

"ನಮ್ದೇ ಮ್ಯಾಮ್."

"ಮನೇಲಿ ಸ್ನಾನ ಮಾಡೋ ಅಭ್ಯಾಸ ಇದೆಯಾ?"

"ಇದೆ ಮ್ಯಾಮ್."

"ನೀರು ಎಲ್ಲಿಗೆ ಹೋಗುತ್ತೆ?"

ನಾನು ಗೋಡೆ ಮೇಲಿದ್ದ ಬಚ್ಚಲಿನ ಸೊನ್ನೆಯನ್ನೇ ನೋಡಿದೆ.

"ಇದರ ಪ್ರಕಾರ ನಿಮ್ಮಪ್ಪನ ಮಂಚದ ಕೆಳಗೆ ಹೋಗುತ್ತೆ. ಮಳೆ ಬಂದರೆ ರಸ್ತೆ ನೀರೂ ಅಲ್ಲಿಗೇ. ಪಾಪ, ಅವರಿಗೆ ಈಜು ಬರುತ್ತಾ?"

ಎಲ್ಲರೂ ನಕ್ಕರು. ಅಪ್ಪ ಇಲ್ಲ ಅಂತ ಹೇಳೋಕೆ ಅದು ಸಮಯ ಅಲ್ಲ, ಅದಕ್ಕೆ ನಾನೂ ನಕ್ಕೆ. ಆಮೇಲೆ ಮೇಡಂ ನನ್ನೊಬ್ಬಳನ್ನೇ ಕರೆದು ಮೆಲ್ಲಗೆ ಹೇಳಿದರು: "ಸುಳ್ಳು ಮನೆ ಬರೆದರೆ ಎತ್ತರದಲ್ಲಿ ಸಿಕ್ಕಿಬೀಳ್ತೀಯ. ಸೆಪ್ಟೆಂಬರ್ 23ಕ್ಕೆ ನಿಜವಾದ ಮನೆ ತಾ. ಪ್ರತಿ ನೆಲ, ಪ್ರತಿ ಗೋಡೆ, ಸ್ಥಳದಲ್ಲಿ ಅಳೆದದ್ದು."

ಈಗ ಹರಿದ ಪತ್ರಗಳಲ್ಲಿ ಇರದಿದ್ದ ಭಾಗ. ನಾನು ಬರೆದದ್ದು ಹಳದಿ ಗೇಟಿನ ಮನೆ ಅಲ್ಲ. ಒಂಬತ್ತನೇ ಕ್ಲಾಸಿನ ರಜದಲ್ಲಿ ಸ್ಕೂಲ್ ಫ್ರೆಂಡ್ ಮನೆಗೆ ಹೋಗಿದ್ದೆನಲ್ಲ, ಆ ಮನೆ. ಅಲ್ಲಿ ಇಪ್ಪತ್ತು ದಿನ ಇದ್ದೆ. ನಿನ್ನ ಜೊತೆ ಒಂದೇ ಮನೆಯಲ್ಲಿ ಒಟ್ಟಿಗೆ ಅಷ್ಟು ದಿನ ಎಲ್ಲೂ ಇರಲಿಲ್ಲ, ಲೆಕ್ಕ ಹಾಕಿ ನೋಡಿದೆ. ಹಾಸ್ಟೆಲ್ ಫಾರ್ಮಿನಲ್ಲಿ "ಮನೆ ವಿಳಾಸ" ಅಂತ ಇತ್ತು, ಅಲ್ಲೂ ಅವರದೇ ಬರೆದೆ. "ತಾಯಿಯ ಉದ್ಯೋಗ" ಅಂತ ಇದ್ದ ಕಡೆ ಫ್ಲೋರಿಂಗ್ ಕನ್ಸಲ್ಟೆಂಟ್ ಅಂತ ಬರೆದೆ.

ಬೈಯೋದಾದ್ರೆ ಬೇಗ ಬರೆದು ಬೈದುಬಿಡು. ಆಮೇಲೆ ನೀನು ಈಗಿರೋ ಮನೆಯ ಅಳತೆ ಕಳಿಸು. ಉದ್ದ ಅಗಲ ಮಾತ್ರ ಅಲ್ಲ, ಎತ್ತರಗಳು.

ಬಟ್ಲು


ಆಗಸ್ಟ್ 17

ಬಟ್ಲು,

ಕನ್ಸಲ್ಟೆಂಟ್ ಅಂದರೇನು ಅಂತ ಮೇಸ್ತ್ರಿಯನ್ನ ಕೇಳಿದೆ. "ಕೆಲಸ ಮಾಡದೆ ಬರೀ ಹೇಳೋರು" ಅಂದ. ಹಾಗಾದರೆ ಅವನೇ ಕನ್ಸಲ್ಟೆಂಟು.

ಆ ನಿನ್ನ ಫ್ರೆಂಡ್ ಅಮ್ಮ ಒಳ್ಳೆಯವರು. ನಿನಗೆ ಸ್ವೆಟರ್ ಕೊಟ್ಟಿದ್ದರು.

ಗೋಡೆ ಎತ್ತರ ಟೇಪ್ ಹಿಡಿದು ಒಬ್ಬಳೇ ಅಳೀಬಹುದು. ನೆಲದ್ದು ಆಗಲ್ಲ. ನೆಲದ ಮಟ್ಟ ನೋಡೋದು ನೀರಿನ ಪೈಪಲ್ಲಿ. ಉದ್ದ ಪಾರದರ್ಶಕ ಪೈಪು, ಒಳಗೆ ನೀರು. ಒಂದು ತುದಿ ಹಾಲಲ್ಲಿ ಒಬ್ಬರು ಗೋಡೆಗೆ ಹಿಡೀಬೇಕು, ಇನ್ನೊಂದು ತುದಿ ಬೇರೆ ಕೋಣೆಯಲ್ಲಿ ಇನ್ನೊಬ್ಬರು. ಎರಡೂ ಕಡೆ ನೀರು ನಿಂತ ಮಟ್ಟ ಒಂದೇ. ಅಲ್ಲಿ ಗೆರೆ ಹಾಕಿ, ಗೆರೆಯಿಂದ ಕೆಳಗೆ ನೆಲಕ್ಕೆ ಟೇಪ್ ಬಿಟ್ಟರೆ ಯಾವ ನೆಲ ಎಷ್ಟು ಕೆಳಗಿದೆ ಗೊತ್ತಾಗುತ್ತೆ. ನಾನು "ನಿಂತ್ತಾ?" ಅನ್ನೋದು, ಉದ್ದಕ್ಕ ಆ ಕಡೆಯಿಂದ "ಕುಣೀತಿದೆ ಇರು" ಅನ್ನೋದು. ಹನ್ನೊಂದು ವರ್ಷ ಇದೇ ಮಾತು. ಬೇರೆ ಏನು ಮಾತಾಡಿದ್ವೋ ನೆನಪಿಲ್ಲ.

ಮೇಸ್ತ್ರಿ ಒಂದು ಕೆಂಪು ದೀಪದ ಮಿಷನ್ ತಂದುಕೊಟ್ಟಿದ್ದ. ಬಿಸಿಲಿಗೆ ಅದರ ಗೆರೆ ನನಗೆ ಕಾಣಲ್ಲ. ವಾಪಸ್ ಕೊಟ್ಟೆ.

ಸೆಪ್ಟೆಂಬರ್ ಇಪ್ಪತ್ತಕ್ಕೆ ಮನೆಯವರು ಬರ್ತಾರೆ. ಅಲ್ಲಿವರೆಗೆ ಇದು ನಮ್ಮದು. ನೀನೇ ಬಂದು ಇನ್ನೊಂದು ತುದಿ ಹಿಡಿದರೆ ಅರ್ಧ ದಿನದ ಕೆಲಸ.

ಅಮ್ಮ


ರೂಮ್ 31
ಆಗಸ್ಟ್ 22

ಅಮ್ಮ,

ಬರೋಕೆ ಆಗಲ್ಲ ಅನ್ಸುತ್ತೆ. ಫಸ್ಟ್ ಇಯರ್‌ನವರಿಗೆ ಔಟ್‌ಪಾಸ್ ಕಷ್ಟ. ಮಾಡೆಲ್ ಮಾಡೋದಿದೆ, ಸ್ಟ್ರಕ್ಚರ್ಸ್ ಟೆಸ್ಟ್ ಇದೆ, ಗ್ರೂಪ್ ವರ್ಕ್‌ನಲ್ಲಿ ನಾನಿಲ್ಲಾಂದ್ರೆ ಮುಖ ಮಾಡ್ತಾರೆ (ಇದ್ದರೂ ಮಾಡ್ತಾರೆ).

ಪೈಪಿನ ಒಂದು ತುದಿಯನ್ನ ಮೊಳೆಗೆ ಕಟ್ಟೋಕೆ ಆಗಲ್ವಾ? ಇಲ್ಲ ಪೇಂಟಿನವರು ಯಾರಾದರೂ ಹಿಡಿಯಲ್ವಾ? ಐದು ನಿಮಿಷದ ಕೆಲಸ ಅಲ್ವಾ ಅದು?

ಹಾಲಿನ ನೆಲವನ್ನ ಸೊನ್ನೆ ಅಂತ ಇಟ್ಟುಕೊಳ್ತೀನಿ. ನೀನು ಗೆರೆಯಿಂದ ನೆಲದವರೆಗಿನ ಅಳತೆ ಅಷ್ಟೇ ಬರಿ, ಕಳೆಯೋದು ಕೂಡೋದು ಸಾಫ್ಟ್‌ವೇರ್‌ನಲ್ಲಿ ನಾನು ಮಾಡ್ತೀನಿ.

ಕೋಪ ಮಾಡಿಕೋಬೇಡ. ನಿಜವಾಗಲೂ ಟೈಮ್ ಇಲ್ಲ. ಇಲ್ಲಿ ಊಟದ ಹಾಲಿನಲ್ಲಿ ಒಂದು ಮೂಲೆ ಟೇಬಲ್ ಇದೆ, ಅಲ್ಲಿ ಒಬ್ಬಳೇ ಕೂತು ತಿಂದರೆ ಹತ್ತು ನಿಮಿಷ ಉಳಿಯುತ್ತೆ, ಅಂಥದ್ದೆಲ್ಲ ಉಳಿಸ್ತಾ ಇದ್ದೀನಿ.

ಬಟ್ಲು


ಸೆಪ್ಟೆಂಬರ್ 1

ಬಟ್ಲು,

ಅಳತೆ ಕಳಿಸಿದ್ದೀನಿ. ಮೊಳೆಗೆ ಕಟ್ಟಿಯೇ ನೋಡಿದೆ. ಈ ಕಡೆ ಗುರುತು ಹಾಕಿ ಆ ಕಡೆ ಓಡು, ಅಷ್ಟರಲ್ಲಿ ನೀರು ಕುಣಿದಿರುತ್ತೆ, ವಾಪಸ್ ಓಡು. ಪೈಪು ಹೊಸದಾಗಿ ತುಂಬಿಸಿ, ಗುಳ್ಳೆ ಎಲ್ಲ ಹೋಗೋವರೆಗೆ ತಟ್ಟಿ, ಎರಡೆರಡು ಸಲ ನೋಡಿದ್ದು. ಪೇಂಟಿನವರನ್ನ ಕೇಳಲಿಲ್ಲ.

ಗೆರೆಯಿಂದ ನೆಲಕ್ಕೆ ಮಿಲಿಮೀಟರಲ್ಲಿ:
ಹಾಲ್ 1000
ಮಲಗೋ ಕೋಣೆ 1000
ಅಡಿಗೆಮನೆ 1006
ಬಚ್ಚಲು, ಬಾಗಿಲ ಹತ್ತಿರ 990
ಬಚ್ಚಲು, ನೀರು ಹೋಗೋ ಜಾಲರಿ ಹತ್ತಿರ 978
ಸ್ಟೋರು 1058 (ಅಲ್ಲಿ ಟೈಲ್ಸ್ ಇನ್ನೂ ಹಾಕಿಲ್ಲ, ಬರೀ ಸಿಮೆಂಟು)

ಗೋಡೆ: ಹಾಲ್, ಕೋಣೆ 2930. ಅಡಿಗೆಮನೆ 2936. ಬಚ್ಚಲು 2400, ಮೇಲೆ ಅಟ್ಟ ಇದೆ. ಸ್ಟೋರಿಗೆ ಮೆಟ್ಟಿಲೇ ಚಾವಣಿ, ಅದಕ್ಕೆ ಈ ಕಡೆ 2100, ಆ ಕಡೆ 850. ತಲೆ ಈ ಕಡೆ ಇಟ್ಟು ಮಲಗ್ತೀನಿ, ಎದ್ದಾಗ ತಾಗಬಾರದಲ್ಲ. ಕಾಲಿಗೆ ಎಂಟುನೂರ ಐವತ್ತು ಸಾಕು.

ಅಮ್ಮ


ರೂಮ್ 31
ಸೆಪ್ಟೆಂಬರ್ 5

ಅಮ್ಮ,

ನಿನ್ನೆ ನಾನು ಮೇಸ್ತ್ರಿ ಫೋನಿಗೆ ಮಾಡಿದ್ದು ಊಟ ಆಯ್ತಾ ಅಂತ ಕೇಳೋಕೆ ಅಲ್ಲ. ಆದರೆ ಅವರು ಸ್ಪೀಕರ್ ಆನ್ ಮಾಡಿ ಪಕ್ಕದಲ್ಲೇ ನಿಂತಿದ್ದರು, ಅವರ ಕೆಮ್ಮು ನಂಗೆ ಕೇಳಿಸ್ತಿತ್ತು. ಅದಕ್ಕೆ "ಊಟ ಆಯ್ತಾ" ಅಂದೆ. ನೀನು "ಆಯ್ತು" ಅಂದೆ. ಮೇಸ್ತ್ರಿ "ಇಷ್ಟೇನಾ? ಇದಕ್ಕೆ ಫೋನ್ ಬೇಕಾ?" ಅಂದರು.

ನಿನ್ನ ನಂಬರೆಲ್ಲ ಹಾಕಿದೆ. ಎತ್ತರ ತೋರಿಸು ಅಂತ ಒತ್ತಿದೆ. ಮೊದಲ ಸಲ ನನ್ನ ಸ್ಕ್ರೀನಿನಲ್ಲಿ ಒಂದೊಂದು ಗೋಡೆ ಒಂದೊಂದು ಥರ ಇತ್ತು, ತುಂಬಾ ಖುಷಿ ಆಯ್ತು. ಸ್ಟೋರು −58 ಅಂತ ಬಂತು. ಅಡಿಗೆಮನೆ −6.

ಬಚ್ಚಲು ಬಾಗಿಲ ಹತ್ತಿರ +10, ಜಾಲರಿ ಹತ್ತಿರ +22.

ನಾನೇ ತಪ್ಪು ಹಾಕಿದೆ ಅಂದುಕೊಂಡೆ. ಅಳಿಸಿ ಮತ್ತೆ ಹಾಕಿದೆ. ನಿನ್ನ ಕಾಗದ ಕಿಟಕಿ ಹತ್ತಿರ ತಗೊಂಡು ಹೋಗಿ ಒಂದನ್ನ ಏಳು ಅಂತ ಓದಿದೆನಾ ನೋಡಿದೆ. ಇಲ್ಲ. ಬಚ್ಚಲು ಕೋಣೆಗಿಂತ ಮೇಲಿದೆ. ಬಚ್ಚಲೊಳಗೂ ಜಾಲರಿಯೇ ಬಾಗಿಲಿಗಿಂತ ಮೇಲಿದೆ. ವಾಟ ಉಲ್ಟಾ ಇದೆ ಅಮ್ಮ. ಸುರಿದ ನೀರು ಜಾಲರಿಗೆ ಹೋಗಲ್ಲ, ಹೊಸ್ತಿಲು ದಾಟಿ ಅವರ ಮಂಚದ ಕಡೆ ಹೋಗುತ್ತೆ.

ನಾನು ಹೇಳಬಾರದು ಅಂತ ಗೊತ್ತು. ನಂಗೆ ಒಂದು ಟೈಲ್ ಹಿಡಿಯೋಕೆ ಬರಲ್ಲ. ಅಳೆಯುವಾಗಲೇ ಎಲ್ಲೋ ತಪ್ಪಾಗಿರಬಹುದು, ಹಾಗೇ ಆಗಿರಲಿ. ಆದರೆ ಯಾರೂ ಇಲ್ಲದಾಗ ಒಂದು ಬಕೆಟ್ ನೀರು ಸುರಿದು ನೋಡು. ಮೇಸ್ತ್ರಿ ನೋಡೋದಕ್ಕೆ ಮುಂಚೆ. ಮನೆಯವರು ಬರೋದಕ್ಕೆ ಮುಂಚೆ.

ಬಟ್ಲು


ಸೆಪ್ಟೆಂಬರ್ 9

ಬಟ್ಲು,

ಸುರಿದೆ.

ಮೊದಲು ಸುಮ್ಮನೆ ನಿಂತಿತು. ಆಮೇಲೆ ಮೆಲ್ಲಗೆ ಬಾಗಿಲ ಕಡೆ ಹೊರಟಿತು. ಹೊಸ್ತಿಲು ಹತ್ತಿ ಇಳಿದು ಕೋಣೆಗೆ ಹೋಯ್ತು. ನಾನು ಬಾಗಿಲಲ್ಲಿ ಕೂತಿದ್ದೆ, ನನ್ನ ಸೀರೆ ಅಂಚಿನ ಪಕ್ಕದಿಂದಲೇ ಹೋಯ್ತು. ಇಪ್ಪತ್ತೆರಡು ವರ್ಷದಲ್ಲಿ ಹೀಗೆ ಆಗಿಲ್ಲ.

ನೀನು ಕೇಳಿಲ್ಲ, ಆದರೂ ಹೇಳ್ತೀನಿ. ಅಳತೆ ಬರೆದು ಕಳಿಸುವಾಗಲೇ ನನಗೆ ಗೊತ್ತಿತ್ತು. 978 ಅಂತ ಬರೆದ ಮೇಲೆ ಪೆನ್ನು ನಿಂತುಬಿಟ್ಟಿತು. ಅದನ್ನ ತಿದ್ದಿ 1040 ಅಂತ ಬರೆದಿದ್ದರೆ ನಿನ್ನ ಮೇಡಮ್ಮಿಗೂ ಗೊತ್ತಾಗ್ತಿರಲಿಲ್ಲ, ನಿನಗೂ ಇಲ್ಲ. ಕೈ ಬರಲಿಲ್ಲ. ಯಾರಿಗಾದರೂ ಹೇಳಬೇಕಿತ್ತು, ಆದರೆ ಬಾಯಲ್ಲಿ ಹೇಳೋಕೆ ಇಲ್ಲಿ ಯಾರಿದ್ದಾರೆ?

ಬಚ್ಚಲು ಹಾಕುವಾಗ ಒಬ್ಬಳೇ ಇದ್ದೆ. ಪೈಪಲ್ಲಿ ಗುಳ್ಳೆ ಸಿಕ್ಕಿಕೊಂಡರೆ ನೀರು ಸುಳ್ಳು ಮಟ್ಟ ತೋರಿಸುತ್ತೆ. ಅದು ಎಂಥ ಹೊಸಬನಿಗೂ ಗೊತ್ತು. ನನಗೆ ಗುಳ್ಳೆ ಕಾಣಲಿಲ್ಲ. ಒಂದೆರಡು ವರ್ಷದಿಂದ ಪೈಪಲ್ಲಿ ನೀರೇ ಸರಿಯಾಗಿ ಕಾಣ್ತಿಲ್ಲ. "ನಿಂತ್ತಾ?" ಅಂತ ನಾನು ಕೇಳ್ತಿದ್ದದ್ದು ಅದಕ್ಕೇ. ಉದ್ದಕ್ಕನಿಗೆ ಗೊತ್ತಿತ್ತು, ಎರಡೂ ತುದಿ ಅವಳೇ ನೋಡಿ ಬರ್ತಿದ್ದಳು. ಯಾರಿಗೂ ಹೇಳಲಿಲ್ಲ. ಒಳ್ಳೆಯವಳು.

ಮೇಸ್ತ್ರಿಗೆ ಗೊತ್ತಾದರೆ ಮುಂದಿನ ಮನೆ ಕೊಡಲ್ಲ. ಕಣ್ಣು ಕಾಣದವಳ ಕೈಗೆ ಯಾರು ನೆಲ ಕೊಡ್ತಾರೆ? ಅವನು ಹನ್ನೊಂದು ದಿನ ಬೇರೆ ಊರಿನ ಸೈಟಲ್ಲಿರ್ತಾನೆ. ಅಷ್ಟರಲ್ಲಿ ಬಚ್ಚಲು ಒಡೆದು ಮತ್ತೆ ಹಾಕ್ತೀನಿ. ಮಿಕ್ಕ ಟೈಲ್ಸ್ ಒಂದು ಪೆಟ್ಟಿಗೆ ಇದೆ, ಸಾಕು.

ನೀನು ಶಾಲೆ ಮುಗಿಸಿದಾಗ ಬಿಟ್ಟುಹೋದ ಇಂಕಿನ ಬಾಟಲಿ ಪೈಪಿನ ನೀರಿಗೆ ಸುರಿದೆ. ನೀಲಿ ಆದರೆ ಕಾಣುತ್ತೆ. ಅದಕ್ಕೇ ಈ ಪತ್ರ ಪೆನ್ಸಿಲ್ಲಲ್ಲಿ.

ನೀನು ಬರೋದು ಬೇಡ. ಟೆಸ್ಟ್ ಇದೆ ಅಂದೆಯಲ್ಲ. ಚೆನ್ನಾಗಿ ಬರಿ.

ಅಮ್ಮ


ರೂಮ್ 31
ಸೆಪ್ಟೆಂಬರ್ 16

ಅಮ್ಮ,

ನಿನ್ನ ಪತ್ರ ಗುರುವಾರ ಬಂತು. ಶುಕ್ರವಾರ ಬೆಳಿಗ್ಗೆಯೇ ಔಟ್‌ಪಾಸ್ ಕೇಳಿದೆ. ಕಾರಣ: ಮನೆಗೆ ಹೋಗಬೇಕು. ವಾರ್ಡನ್ ನನ್ನ ಫಾರ್ಮ್ ತೆಗೆದು, ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ಫ್ರೆಂಡ್ ಅಮ್ಮ ಎತ್ತಿದರು. "ಅವಳು ನಮ್ಮಲ್ಲಿಗೆ ಬರೋದಾ? ಗೊತ್ತಿಲ್ಲವಲ್ಲ, ನಾವೇ ಪ್ರವಾಸಕ್ಕೆ ಹೊರಟಿದ್ದೀವಿ" ಅಂದರು. ವಾರ್ಡನ್ ಫೋನ್ ಇಟ್ಟು, ಕನ್ನಡಕ ತೆಗೆದು, "ಹುಡುಗ ಯಾರು?" ಅಂದರು.

ಹುಡುಗ ಯಾರೂ ಇಲ್ಲ, ಬಚ್ಚಲು ಅಂತ ಹೇಗೆ ಹೇಳೋದು?

ಎರಡು ದಿನ ಒದ್ದಾಡಿದೆ. ಇವತ್ತು ಹೋಗಿ ಎಲ್ಲ ಹೇಳಿದೆ. ಆ ವಿಳಾಸ ನಮ್ಮದಲ್ಲ, ಅಮ್ಮ ಕಟ್ಟುತ್ತಿರೋ ಮನೆಗಳಲ್ಲೇ ಇರೋದು, ಟೈಲ್ಸ್ ಹಾಕ್ತಾರೆ, ಕಣ್ಣು ಸರಿ ಇಲ್ಲ, ಪೈಪಿನ ಇನ್ನೊಂದು ತುದಿ ಹಿಡಿಯೋಕೆ ಯಾರೂ ಇಲ್ಲ. ಹೇಳ್ತಾ ಹೇಳ್ತಾ ಅತ್ತುಬಿಟ್ಟೆ, ಹಾಸ್ಟೆಲಿನಲ್ಲಿ ನಾನು ಅತ್ತಿದ್ದು ಎರಡನೇ ಕ್ಲಾಸ್ ಆದಮೇಲೆ ಇದೇ. ವಾರ್ಡನ್ ಹೊಸ ಫಾರ್ಮ್ ಕೊಟ್ಟರು. "ವಿಳಾಸದ ಜಾಗ ಖಾಲಿ ಬಿಡು, ಉದ್ಯೋಗ ಸರಿಯಾಗಿ ಬರಿ" ಅಂದರು. ಆದರೆ ರೂಲ್ ಪ್ರಕಾರ ಪಾಸ್ ಸಿಗೋದು ಶನಿವಾರಕ್ಕೇ. 21ಕ್ಕೆ.

ಒಂದು ದಿನ ತಡ ಅಂತ ಗೊತ್ತು. ಅವರು ಬಂದರೂ ನೀನು ಒಂದು ದಿನ ಅಲ್ಲೇ ಇರು. ಸ್ಟೋರಿನಲ್ಲಿ ಸಾಮಾನು ಇದೆ ಅಂತ ಏನಾದರೂ ನೆಪ ಹೇಳು. ಬಚ್ಚಲು ಮುಗಿದಿಲ್ಲದಿದ್ದರೆ ನಾನೇ ಅವರ ಹತ್ತಿರ ಮಾತಾಡ್ತೀನಿ. ಬರ್ತೀನಿ. ಈ ಸಲ ನಿಜವಾಗಲೂ.

ಬಟ್ಲು


ಸೆಪ್ಟೆಂಬರ್ 21

ಬಟ್ಲು,

ನಾನು ಗುರುವಾರವೇ ಆ ಮನೆ ಬಿಟ್ಟೆ. ಅವರ ಸಾಮಾನು ಒಂದು ದಿನ ಮುಂಚೆ ಬಂತು. ಈಗ ಎದುರುಗಡೆಯ ಮನೆಯಲ್ಲಿದ್ದೀನಿ, ಮಹಡಿ ಮೇಲೆ. ಇನ್ನೂ ಕಿಟಕಿ ಬಾಗಿಲು ಕೂರಿಸಿಲ್ಲ. ಮೇಸ್ತ್ರಿ ಇದರ ನೆಲವೂ ನನಗೇ ಕೊಟ್ಟ.

ಬಚ್ಚಲು ಮುಗಿಸಿದೆ. ಒಂದು ತುದಿ ಮೊಳೆಗೆ ಕಟ್ಟಿ, ಹೋಗಿ ಬಂದು, ಎಷ್ಟು ಸಲ ಅಂತ ಎಣಿಸಲಿಲ್ಲ. ನಿನ್ನ ಡ್ರಾಯಿಂಗಿಗೆ: ಬಾಗಿಲ ಹತ್ತಿರ 1025, ಜಾಲರಿ ಹತ್ತಿರ 1040. ಬಚ್ಚಲ ಗೋಡೆಗೂ ನೆಲ ಇಳಿದಷ್ಟು ಸೇರಿಸಿಕೋ.

ಇವತ್ತು ಮಧ್ಯಾಹ್ನ ನೀನು ಬಂದೆ. ಕಲ್ಲು ಕತ್ತರಿಸ್ತಿದ್ದೆ. ದೂರದ್ದು ನನಗೆ ಚೆನ್ನಾಗೇ ಕಾಣುತ್ತೆ. ಚೀಲ ಹಾಕಿಕೊಂಡ ನಡಿಗೆ ನೋಡಿಯೇ ಗೊತ್ತಾಯ್ತು. ಬಟ್ಟಲು ಕವುಚಿ ಕತ್ತರಿಸಿದ ಹಾಗಿದ್ದ ಕೂದಲು ಈಗ ಬೆಳೆಸಿದ್ದೀಯ. ಇನ್ನು ಬಟ್ಲು ಅನ್ನೋ ಹಾಗಿಲ್ಲ.

ನೀನು ಗೇಟು ತಟ್ಟಿದೆ, ಆ ಮನೆಯಮ್ಮ ಬಂದರು, ಮಾತಾಡಿದಿರಿ. ಅವರು ನಕ್ಕರು, ನೀನೂ ನಕ್ಕೆ. ಒಳಗೆ ಕರಕೊಂಡು ಹೋದರು. ಮಿಷನ್ ಆರಿಸಿದೆ. ಕರೆಯೋಣ ಅಂತ ಅಂಚಿಗೆ ಬಂದು ನಿಂತೆ.

ಆಮೇಲೆ ಅನ್ನಿಸಿತು, ಅವರಿಗೆ ಏನು ಹೇಳಿದ್ದೀಯೋ. ಕಾಲೇಜಿಂದ ಮನೆ ನೋಡೋಕೆ ಬಂದೆ ಅಂದಿರ್ತೀಯ. ಅದೇ ಸರಿ, ನಿನ್ನ ಓದಿಗೆ ಬೇಕಾದದ್ದು. ನಾನು ಮೈಯೆಲ್ಲ ಕಲ್ಲುಪುಡಿ ಮಾಡಿಕೊಂಡು ಮೇಲಿಂದ "ಬಟ್ಲೂ" ಅಂತ ಕೂಗಿದರೆ ನೀನು ಹೇಳಿದ ಮಾತು ಕೆಡುತ್ತೆ. ನೀನು ಹೊರಗೆ ಬಂದಾಗ ಕಂಬದ ಹಿಂದೆ ಸರಿದೆ. ಸ್ವಲ್ಪ ಹೊತ್ತು ನಿಂತಿದ್ದೆ ನೀನು. ಬಿಸಿಲಿತ್ತು. ಟೋಪಿ ತರಬಾರದಾ?

ಬಸ್ ಸಿಕ್ಕಿತಾ?

ಅಮ್ಮ


ಬಸ್ ನಿಲ್ದಾಣ
ಸೆಪ್ಟೆಂಬರ್ 21

ಅಮ್ಮ,

ಬಸ್ ಇನ್ನೂ ಒಂದು ಗಂಟೆ ಇದೆ. ಬೆಂಚಿನ ಮೇಲೆ ಕೂತು ಬರೀತಿದ್ದೀನಿ. ಮೇಸ್ತ್ರಿಗೆ ಆರು ಸಲ ಫೋನ್ ಮಾಡಿದೆ, ಎತ್ತಲಿಲ್ಲ.

ನೀನು ಗುರುವಾರವೇ ಹೋದೆಯಂತೆ. ಆ ಆಂಟಿ ಹೇಳಿದರು. ಸೋಮವಾರ ನಾನು ಬರೆದ ಪತ್ರ ನಿನಗೆ ಸಿಕ್ಕೇ ಇಲ್ಲ. ಅವರ ಹಾಲ್‌ನ ಶೆಲ್ಫ್ ಮೇಲೆ ಇತ್ತು, ಒಡೆದಿರಲಿಲ್ಲ. ನನ್ನ ಅಕ್ಷರವನ್ನ ನನ್ನ ಕೈಗೇ ಕೊಟ್ಟರು. "ಯಾರು ನೀವು?" ಅಂತ ಗೇಟಿನಲ್ಲಿ ಕೇಳಿದಾಗ, ಬಸ್ಸಿನಲ್ಲಿ ಐದು ಗಂಟೆ ಪ್ರಾಕ್ಟೀಸ್ ಮಾಡಿದ್ದ ಮಾತೆಲ್ಲ ಮರೆತುಹೋಯ್ತು. "ನಿಮ್ಮ ಮನೆಗೆ ಟೈಲ್ಸ್ ಹಾಕಿದ್ದು ನಮ್ಮಮ್ಮ. ನಿಮ್ಮ ಬಚ್ಚಲಿಗೆ ಒಂದು ಬಕೆಟ್ ನೀರು ಸುರಿಯಬಹುದಾ?" ಅಂದೆ.

ಅವರು ಜೋರಾಗಿ ನಕ್ಕರು. ನಂಗೂ ನಗು ಬಂತು. "ಇಂಥ ನೆಂಟರು ಇದೇ ಮೊದಲು" ಅಂದು ಒಳಗೆ ಕರೆದರು. ಬಕೆಟ್ ಅವರೇ ತುಂಬಿಕೊಟ್ಟರು.

ಸುರಿದೆ. ಒಂದು ಕ್ಷಣವೂ ನಿಲ್ಲಲಿಲ್ಲ ಅಮ್ಮ. ನೇರ ಜಾಲರಿಗೆ ಹೋಯ್ತು. ಮೂಲೆಯಲ್ಲಿ ಒಂದು ಹನಿ ಉಳಿಯಲಿಲ್ಲ. ನಾನು ಅಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡ್ತಾ ಇದ್ದೆ. ಗೋಡೆಯಲ್ಲಿ ಒಂದು ಕಡೆ ನೀಲಿ ಇಂಕಿನ ಚುಕ್ಕೆ ಇತ್ತು. "ಇದೇನೋ ಕಲೆ, ಉಜ್ಜಿದರೂ ಹೋಗ್ತಿಲ್ಲ" ಅಂದರು ಆಂಟಿ. ಹೋಗುತ್ತೆ ಬಿಡಿ ಅಂದೆ.

ಸ್ಟೋರನ್ನೂ ತೋರಿಸಿ ಅಂತ ಕೇಳಿದೆ. ಬಗ್ಗಿ ಒಳಗೆ ಹೋಗಿ, ಗಿಡ್ಡ ಗೋಡೆಯವರೆಗೂ ಹೋಗಿ ಕೂತೆ. ಅವರ ಸೂಟ್‌ಕೇಸ್‌ಗಳಿದ್ದವು. ಹೊಸ ನೆಲ. ಇಲ್ಲಿ ನಮ್ಮಮ್ಮ ಮಲಗ್ತಿದ್ದರು ಅಂದೆ. ಆಂಟಿ ತಾವೂ ಬಗ್ಗಿ ಒಳಗೆ ನೋಡಿದರು. ಆಮೇಲೆ "ನಮಗೆ ಗೊತ್ತಿರಲಿಲ್ಲ ಕಣಮ್ಮ. ಈಗ ಎಲ್ಲಿದ್ದಾರೆ ಅವರು?" ಅಂದರು.

ಗೊತ್ತಿಲ್ಲ ಅಂದೆ.

ಹೊರಗೆ ಬಂದು ಗೇಟಿನಲ್ಲಿ ನಿಂತೆ. ಒಳಗೆ ಹೋಗೋ ಮುಂಚೆ ಎದುರು ಮನೆ ಮಹಡಿಯಲ್ಲಿ ಯಾರೋ ಕಲ್ಲು ಕತ್ತರಿಸೋ ಸದ್ದಿತ್ತು. ಅವರನ್ನೇ ಕೇಳೋಣ, ನಿನ್ನ ಪರಿಚಯ ಇರಬಹುದು ಅಂತ ಮೇಲೆ ನೋಡಿದೆ. ಸದ್ದು ನಿಂತಿತ್ತು. ಯಾರೂ ಕಾಣಲಿಲ್ಲ.

ನಿನ್ನ
ಮಗಳು